ಪಪ್ಪಾಯಿ ಹಚ್ಚಿದ ಮಟನ್

ಕುತುಬುದ್ದೀನ ಸಾಹುಕಾರರು ಊಟಕ್ಕೆ ಬರುವ ದಿನವೇ ಪೇಟೆಯಲ್ಲಿ ಎಳೇ ಮಟನ್ ತೀರಿಹೋಗಬೇಕೆ? ಬೆಟಗೇರಿಯಲ್ಲಿ ಬಿರಿಯಾನಿ ಗಾಡಿ ನಡೆಸುವ ತೌಹೀದನಿಗೆ ಸಿಕ್ಕಿದ್ದು ಮುದಿ ಹೋತದ ಮಾಂಸ. ಕೊಯ್ಯಹೋದರೆ ಚಾಕುವೇ ಕೈಮುಗಿಯುತ್ತಿತ್ತು.

"ತೌಹೀದನ ಕೈ ಅಡಗಿ ನೋಡಬೇಕು" ಎಂದು ಲಕ್ಷ್ಮೇಶ್ವರದಿಂದ ಹೇಳಿ ಕಳಿಸಿದ್ದರು ಸಾಹುಕಾರರು. ಅವರ ಮಗಳು ಯಾಸ್ಮೀನಳನ್ನು ಬಸ್ಸಿನಲ್ಲಿ ಕಂಡಾಗಿನಿಂದ ಇವನಿಗೆ ನಿದ್ದೆಯಿಲ್ಲ. ಬರುವುದು ಅಳಿಯನನ್ನು ನೋಡಲಿಕ್ಕೇ ಎಂದು ಓಣಿ ಆಗಲೇ ತೀರ್ಪು ಕೊಟ್ಟಿತ್ತು. ತೊಂದರೆ ಒಂದೇ, ಸಾಹುಕಾರರ ಬಾಯಲ್ಲಿ ಹಲ್ಲೇ ಇರಲಿಲ್ಲ.

"ಹಸಿ ಪಪ್ಪಾಯಿ ಅರದು ಹಚ್ಚಲೇ. ಹೊಟ್ಟ್ಯಾಗ ಅರಗೂ ಕೆಲಸಾನ ಅದು ಪಾತೇಲ್ಯಾಗ ಮಾಡತೈತಿ," ಎಂದಳು ಪಕ್ಕದ ಮನೆಯ ಖೈರುನಬಿ.

ಜಲ್ದಿ ಆಗಲೆಂದು ತೌಹೀದ ಪಪ್ಪಾಯಿಯನ್ನು ಗಳಗಳ ಕುದಿಸಿ ಹಚ್ಚಿದ. ಮಾಂಸ ಜಪ್ಪಯ್ಯ ಎನ್ನಲಿಲ್ಲ.

"ಹುಚ್ಚಾ, ಕುದಿಸಿದ್ರ ಅದರ ಕಸುವು ಸತ್ತ ಹೋಗತೈತಿ!" ಎಂದು ಬೈದಳು ಖೈರುನಬಿ.

ಎರಡನೇ ಸಲ ಹಸಿಯದನ್ನೇ ಹಚ್ಚಿ, ಕೆಡಬಾರದೆಂದು ಫ್ರಿಜ್ಜಿನಲ್ಲಿಟ್ಟ. ಕಸುವು ಥಂಡಿಗೆ ಮುದುಡಿ ಮಲಗಿತು.

"ಮೈ ಬೆಚ್ಚಗಿರೂವಷ್ಟ ಬೆಚ್ಚಗ ಇರಬೇಕೋ! ಬಿಸಲಿಗೆ ಇಡು."

ಬಿಸಿಲಿಗಿಟ್ಟು ಜಳಕಕ್ಕೆ ಹೋದ. ಅದೇ ತಪ್ಪಾಯಿತು. ಹುಡುಗನ ಮದುವೆ ಕೂಡಿಸುವ ಪುಣ್ಯ ಯಾರಿಗೆ ಬೇಡ? ಖೈರುನಬಿ ಇನ್ನೊಂದು ಹಿಡಿ ಪಪ್ಪಾಯಿ ಹಾಕಿದಳು. ಎದುರು ಮನೆಯ ರೇಣುಕವ್ವ ಒಂದು ಬಟ್ಟಲು ಸುರಿದಳು. ಸೈಕಲ್ ರಿಪೇರಿಯ ಅಲ್ಲಾಸಾಬ ಇಡೀ ಕಾಯಿಯನ್ನೇ ಅರೆದು ತಂದ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ.

ತೌಹೀದ ಬಂದು ಮುಚ್ಚಳ ತೆಗೆದರೆ ಮಾಂಸ ಅಂಬಲಿಯಾಗಿತ್ತು. ಎಲುಬುಗಳು ಬಟ್ಟೆ ಕಳಚಿದವರಂತೆ ಬೆಳ್ಳಗೆ ನಾಚಿಕೊಂಡು ಬಿದ್ದಿದ್ದವು.

"ಯಾರ್ ಹಾಕಿದ್ರಿ? ಖರೆ ಹೇಳ್ರಿ!"

ಮೂವರೂ ಆಕಾಶ ನೋಡಿದರು.

"ಸಣ್ಣ ಕಾಯಿ ಇತ್ತಪಾ," ಎಂದ ಅಲ್ಲಾಸಾಬ.

ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ತೌಹೀದ ಅಳುತ್ತಲೇ ಮಸಾಲೆ ಹಾಕಿ ಕುದಿಸಿ, ಕಣ್ಣು ಮುಚ್ಚಿ ಬಡಿಸಿದ.

ಸಾಹುಕಾರರು ಒಂದು ತುತ್ತು ನುಂಗಿದರು. ಕಣ್ಣಲ್ಲಿ ನೀರು.

"ಹಲ್ಲು ಹೋದಾಗಿಂದ ಬರೇ ಸಾರು ಕುಡ್ಯಾಕತ್ತಿದ್ದೆ. ಇವತ್ತ ಮಟನ್ ತಿಂದೆ ನೋಡು!" ತಾಟು ಮತ್ತೆ ಮತ್ತೆ ಮುಂದೆ ಬಂತು. "ಆತು, ಪಕ್ಕಾ! ಮುಂದಿನ ತಿಂಗಳ ಮದುವಿ!"

ಖೈರುನಬಿ ತೌಹೀದನ ಬಾಯಿಗೆ ಸಕ್ಕರೆ ತುರುಕಿದಳು. ಅವನು ಬಗ್ಗಿ ಸಲಾಮು ಹೊಡೆದ.

"ಯಾಸ್ಮೀನಗ ಮುಂಡರಗಿ ಹುಡುಗನ್ನ ಗೊತ್ತ ಮಾಡೇವಿ," ಸಾಹುಕಾರರು ಬೆರಳು ನೆಕ್ಕುತ್ತ ಮುಂದುವರಿಸಿದರು. "ಬೀಗರ ಮನ್ಯಾಗ ಹಲ್ಲಿಲ್ಲದ ಮುದುಕರ ಒಂದ ದಂಡ ಐತಿ. ಒಳ್ಳೆ ಅಡಗಿಯವನ್ನ ಹುಡುಕಾಕತ್ತಿದ್ದೆ, ನೀ ಸಿಕ್ಕಿ. ಮತ್ತ ಮದುಮಗನ ತಾಟಿಗೆ ನಿನ್ನ ಕೈಯಿಂದನ ಬಡಸಬೇಕು, ಏನ್?"