ಮೊದಲ ಸ್ನಾನದ ಗೌರವ

ಈ ಚಳಿಗಾಲ ಹೃದಯಾಘಾತ ಎಂಬ ಮಹಾರಾಯ ತನ್ನ ಹೊಸ್ತಿಲು ದಾಟಕೂಡದು ಎಂದು ಜಪಾನಿನ ಅಕಿತಾ ಊರಿನ ನಿವೃತ್ತ ಸ್ಟೇಷನ್ ಮಾಸ್ತರ ಕುಮಾಗಾಯಿ ಇಸಾಮು ಶಪಥ ಮಾಡಿದ. ಹೋದ ವರ್ಷ ಅವನ ಅಣ್ಣ ಸ್ನಾನದ ತೊಟ್ಟಿಯಲ್ಲೇ ತೀರಿಕೊಂಡಿದ್ದ. ಅಂದಿನಿಂದ ಇಸಾಮುವಿಗೆ ಹೆದರಿಕೆ ಒಂದು ಪಾಲಾದರೆ ಕುತೂಹಲ ಎರಡು ಪಾಲು.

ಆರೋಗ್ಯ ಕೇಂದ್ರದ ಭಾಷಣಕ್ಕೆ ಹೋಗಿ ನೋಟ್‌ಬುಕ್ ತುಂಬ ಗೀಚಿಕೊಂಡ. ಕೊರೆಯುವ ಕೋಣೆಯಲ್ಲಿ ಬಟ್ಟೆ ಬಿಚ್ಚಿ ಸುಡುನೀರಿಗೆ ಇಳಿದರೆ ರಕ್ತದೊತ್ತಡ ಸರ್ರನೆ ಏರಿ, ದೊಪ್ಪನೆ ಇಳಿದು, ಹೃದಯ ಕಂಗಾಲಾಗುತ್ತದಂತೆ. ಅದರಲ್ಲೂ ಮನೆಯವರೆಲ್ಲ ಒಂದೇ ತೊಟ್ಟಿಯ ನೀರಿಗೆ ಸರದಿಯಲ್ಲಿ ಇಳಿಯುವಾಗ ಮೊದಲು ಇಳಿಯುವವರಿಗೇ ಅಪಾಯ. ಎರಡನೆಯವರ ಹೊತ್ತಿಗೆ ಹಬೆಯಿಂದ ಕೋಣೆ ಬೆಚ್ಚಗಾಗಿರುತ್ತದೆ. ಇಸಾಮುವಿನ ಪೆನ್ನು ಅಲ್ಲೇ ನಿಂತಿತು. ಮನೆಯ ಯಜಮಾನನೆಂದು ನಲವತ್ತೆರಡು ವರ್ಷದಿಂದ ಮೊದಲು ಇಳಿಯುತ್ತಿದ್ದವನು ಅವನೇ. ಹೆಂಡತಿ ಹತ್ಸುಯೆ ಅದೇ ನೀರಿಗೆ ಕೊನೆಯಲ್ಲಿ ಇಳಿಯುತ್ತಿದ್ದಳು.

ಸಂಜೆ ಗಂಟಲು ಸರಿಮಾಡಿಕೊಂಡು ಘೋಷಿಸಿದ.

"ಇವತ್ತಿಂದ ಮೊದಲ ಸ್ನಾನ ನಿಂದು ಕಣೆ."

"ಜ್ವರ ಗಿರ ಬಂದಿದ್ಯಾ?"

"ಕಾಲ ಬದಲಾಗಿದೆ. ಹೆಂಗಸರಿಗೂ ಗೌರವ ಬೇಡ್ವಾ?"

ಅವಳು ಅವನನ್ನು ಒಂದು ಗಳಿಗೆ ನೋಡಿ, ನಕ್ಕು, ಟವೆಲ್ ಹಿಡಿದು ಒಳಗೆ ಹೋದಳು. ಇಸಾಮು ಗಡಿಯಾರ ಹಿಡಿದು ಬಾಗಿಲಾಚೆ ಕೂತ.

"ಎದೆ ಹಿಡ್ಕೊಂಡ ಹಾಗಿದ್ಯಾ?"

"ಇಲ್ಲ."

"ದವಡೆ ನೋವು? ಎಡಗೈ ಸೆಳೆತ? ತಣ್ಣನೆ ಬೆವರು?"

"ಸ್ವಲ್ಪ ಸುಮ್ನಿರ್ತೀರಾ?"

ಎರಡು ನಿಮಿಷ ಬಿಟ್ಟು ಮತ್ತೆ ಕೂಗಿದ. ಉತ್ತರವಿಲ್ಲ. ಮತ್ತೊಮ್ಮೆ ಕೂಗಿದ. ನೀರಿನ ಸದ್ದೂ ಇಲ್ಲ. ತನ್ನ ಕೈಯಾರೆ ಹೆಂಡತಿಯನ್ನು ಸಾವಿನ ಬಾಯಿಗೆ ನೂಕಿದೆನೆಂದು ಇಸಾಮು ಗಡಿಯಾರ ಬಿಸಾಕಿ ಎದ್ದ. ನುಗ್ಗಿದ ರಭಸಕ್ಕೆ ಜಾರುಬಾಗಿಲು ಹಳಿ ತಪ್ಪಿ, ಅದರ ಮೇಲೆ ಮಾಜಿ ಸ್ಟೇಷನ್ ಮಾಸ್ತರ ಬೋರಲಾಗಿ ಬಿದ್ದ.

ಕತ್ತಿನವರೆಗೆ ನೀರಲ್ಲಿದ್ದ ಹತ್ಸುಯೆ ಒಂದು ಕಣ್ಣು ತೆರೆದಳು.

"ಏನ್ರೀ ಇದು?"

"ಮಾತೇ ಆಡ್ಲಿಲ್ವಲ್ಲೇ!"

"ಸುಮ್ನಿರಿ ಅಂದ್ರೆ ನೀವಿರಲ್ಲ. ಅದಕ್ಕೆ ನಾನೇ ಸುಮ್ಮನಾದೆ."

ಇಸಾಮು ಒದ್ದೆ ನೆಲದ ಮೇಲೆ ಕೂತು ಅತ್ತೇಬಿಟ್ಟ.

"ಮೊದಲು ಇಳಿಯೋರಿಗೇ ಅಪಾಯ ಅಂತ ಗೊತ್ತಿದ್ದೂ ನಿನ್ನ ಕಳಿಸ್ದೆ ಕಣೆ."

"ನಂಗೂ ಗೊತ್ತು. ಹೋದ ವರ್ಷ ಭಾವ ತೀರ್ಕೊಂಡಾಗಲೇ ನಾನೂ ಅಂಥದ್ದೇ ಭಾಷಣಕ್ಕೆ ಹೋಗಿ ಬಂದೆ. ಆವತ್ತಿಂದ ನಿಮಗಿಂತ ಮುಂಚೆ ಈ ಕೋಣೇಲಿ ಹೀಟರ್ ಹಚ್ಚೋಳು, ನಿಮ್ಮ ನೀರನ್ನ ಎರಡು ಡಿಗ್ರಿ ಇಳಿಸೋಳು ಯಾರು ಅನ್ಕೊಂಡ್ರಿ? ನೀವು ಹೊರಗೆ ಬರೋ ತನಕ ಆ ಬಾಗಿಲ ಹತ್ರಾನೇ ಕೂತಿರ್ತೀನಿ. ನಿಮ್ಮ ಹಾಗೆ ಕಿರುಚಲ್ಲ, ಅಷ್ಟೆ."

ಇಸಾಮು ಒದ್ದೆ ತೋಳಿನಿಂದ ಕಣ್ಣೊರೆಸಿಕೊಂಡ.

"ಈಗ ಎದ್ದು ಆ ಬಾಗಿಲು ಕೂರಿಸಿ," ಎಂದಳು ಹತ್ಸುಯೆ. "ಚಳಿಗಾಳಿ ಬರ್ತಿದೆ. ಈ ಮನೇಲಿ ನಂಗೂ ಒಂದು ಹೃದಯ ಇದೆ."