ಅತ್ತೆ ಕೊಟ್ಟ ಅರ್ಧ ಹೆಸರು

ನನ್ನ ಆಫೀಸಿನ ಬ್ಯಾಡ್ಜಿನಲ್ಲಿ ಹೆಸರು ಮುಗಿದ ಮೇಲೂ ಎರಡು ಬೆರಳಗಲ ಬಿಳಿ ಜಾಗ ಉಳಿಯುತ್ತದೆ. ಪಕ್ಕದ ಮೇಜಿನ ವೆಂಕಟಸುಬ್ರಮಣಿಯನ್ ಅವರ ಹೆಸರು ಜಾಗ ಸಾಲದೆ ಎರಡನೆಯ ಸಾಲಿಗೆ ಇಳಿದು, ಅಲ್ಲೂ ಅಂಚಿಗೆ ತಾಗಿ ನಿಂತಿದೆ. ನನ್ನದು ‘ಲ್ಯೂಬಾ’. ಅಷ್ಟೇ. ಆ ಬಿಳಿ ಜಾಗದಲ್ಲಿ ಇರಬೇಕಾಗಿದ್ದ ಇನ್ನರ್ಧ ಹೆಸರನ್ನು ನಾನು ತೊಟ್ಟಿಲಲ್ಲಿದ್ದಾಗಲೇ ನುಂಗಿ ಹಾಕಿದವರು ನನ್ನ ಸೋದರತ್ತೆ. ಇದನ್ನು ಕೋಪದಿಂದಲೇ ಬರೆಯುತ್ತಿದ್ದೇನೆ.

ಮಂಡ್ಯದ ಕಡೆಯ ನಮ್ಮಂಥ ಮನೆಗೆ ಲ್ಯೂಬಾ ಎಲ್ಲಿಂದ ಬಂದಳು? ಎಲ್ಲರೂ ಕೇಳುತ್ತಾರೆ. ಅತ್ತೆ ಒಂದು ಕಾಲಕ್ಕೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿಗೆ ರಷ್ಯಾದಿಂದ ಯಂತ್ರಗಳು ಬಂದವು, ಯಂತ್ರಗಳ ಹಿಂದೆ ಅವುಗಳ ಕೈಪಿಡಿಗಳು ಬಂದವು. ಅವನ್ನು ಓದಬಲ್ಲವರು ಯಾರೂ ಇಲ್ಲದ ಕಾರಣ ಅತ್ತೆಯನ್ನು ಸಂಜೆಯ ರಷ್ಯನ್ ಕ್ಲಾಸಿಗೆ ಕಳಿಸಿದರು. ಯಂತ್ರಗಳು ಆಮೇಲೆ ತುಕ್ಕು ಹಿಡಿದವಂತೆ. ಅತ್ತೆಗೆ ಹಿಡಿದ ರಷ್ಯನ್ ಮಾತ್ರ ಇಂದಿಗೂ ಬಿಟ್ಟಿಲ್ಲ.

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ನನಗೆ ಸೌಭಾಗ್ಯಲಕ್ಷ್ಮಿ ಎಂದು ಹೆಸರಿಡುವುದಾಗಿ ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದರಂತೆ. ಅತ್ತೆ ತೊಟ್ಟಿಲಿಗೆ ಬಗ್ಗಿದರು, ಮೂರು ಸಲ ಪಿಸುಗುಟ್ಟಿದರು, ಎದ್ದು ನಿಂತು ‘ಲ್ಯೂಬಾ’ ಎಂದು ಸಾರಿದರು. ಅಪ್ಪ ಕೂಗಾಡಿದ್ದಕ್ಕೆ ಅವರ ಉತ್ತರ, “ದೇವ್ರ ಮುಂದೆ ಕಿವೀಲಿ ಹೇಳಾಯ್ತು ಕಣೋ. ಇನ್ನು ವಾಪಸ್ ತಗೊಳಕ್ಕಾಗಲ್ಲ.” ಅಜ್ಜಿ ಮರ್ಯಾದೆ ಉಳಿಸಿಕೊಳ್ಳಲು, ಅದು ಹಿಮಾಲಯದ ಆಚೆಗಿರುವ ಒಬ್ಬ ಅಮ್ಮನವರ ಹೆಸರು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಎದುರುಮನೆಯವರು ಆ ಅಮ್ಮನಿಗೆ ಹರಕೆಯನ್ನೂ ಹೊತ್ತರು!

ಈಗ ಅತ್ತೆ, ಮಾವ ಇರುವುದು ಅಮೆರಿಕದ ಫ್ರೀಮಾಂಟಿನಲ್ಲಿ. ಕೆಲಸಕ್ಕೆಂದು ನಾನು ಫಾಸ್ಟರ್ ಸಿಟಿಗೆ ಬಂದಾಗ, ನಡುವೆ ಒಂದು ಕೊಲ್ಲಿ ಇದೆಯಲ್ಲ ಎಂದು ಸಮಾಧಾನವಾಗಿತ್ತು. ಕೊಲ್ಲಿಗೆ ಸೇತುವೆಯೂ ಇದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅತ್ತೆ ಮನೆಯಲ್ಲೇ ಪುಟ್ಟ ಡೇಕೇರ್ ನಡೆಸುತ್ತಾರೆ. ಅಲ್ಲಿಗೆ ಬರುವ ಪ್ರತಿ ಮಗುವಿನ ಹೆಸರಿಗೂ ರಷ್ಯನ್ ಬಾಲ ಅಂಟುತ್ತದೆ. ಕಾರ್ತಿಕ್ ಎಂಬವನು ಕಾರ್ತುಷಾ, ನಿಖಿಲ್ ಎಂಬವನು ನಿಕುಷಾ. ಒಮ್ಮೆ ಕಾರ್ತಿಕನ ತಾಯಿ ಜಗಳಕ್ಕೇ ಬಂದಳು.

“ಆಂಟಿ, ಮನೇಲಿ ಕಾರ್ತಿಕ್ ಅಂದ್ರೆ ಇವ್ನು ತಿರುಗೂ ನೋಡಲ್ಲ.”

“ಮುದ್ದಾಗಿ ಕರೆದು ನೋಡಮ್ಮ. ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಇಲ್ಲ.”

ಹುಡುಗ ಶೂ ಹಾಕಿಕೊಳ್ಳುತ್ತಾ ಗಂಭೀರವಾಗಿ ಹೇಳಿದ, “ಮಾಮ್, ಕಾರ್ತಿಕ್ ಈಸ್ ಓನ್ಲಿ ಫಾರ್ ದ ಡಾಕ್ಟರ್ಸ್ ಆಫೀಸ್.”

ಊರಿನ ಮಕ್ಕಳಿಗೆಲ್ಲ ಹೀಗೆ ಹೆಸರು ಹಂಚುವ ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಮಾತ್ರ ಒಬ್ಬರೂ ಇಲ್ಲ. ಅಪ್ಪನಿಗೆ, ಚಿಕ್ಕಪ್ಪಂದಿರಿಗೆ ಅವರು ಅಕ್ಕ. ನಮಗೆ ಅತ್ತೆ. ಡೇಕೇರಿಗೆ ಆಂಟಿ. ಮಾವನಿಗೆ ಮದುವೆಯಾದಂದಿನಿಂದ ‘ಇವಳೇ’. ಗ್ರೋಸರಿ ಅಂಗಡಿಯಲ್ಲಿ ಮಾವ ಒಂದು ಸಲ “ಇವಳೇ” ಎಂದು ಕೂಗಿದಾಗ ನಾಲ್ಕು ಹೆಂಗಸರು ತಿರುಗಿ ನೋಡಿದರು.

ನನ್ನ ಹೆಸರು ಅರ್ಧ ಎಂಬುದು ನನಗೆ ಗೊತ್ತಾದದ್ದು ಆಫೀಸಿನಲ್ಲಿ. ನಮ್ಮದು ಇಂಟರ್ನೆಟ್ಟಿನಲ್ಲಿ ಟೊಮೇಟೊ ಮಾರಲು ಹೊರಟಿದ್ದ ಕಂಪನಿ. ಗ್ರಾಹಕರ ಮನೆ ಮುಟ್ಟುವಷ್ಟರಲ್ಲಿ ಅವು ಗೊಜ್ಜಾಗಿರುತ್ತಿದ್ದವು. ಆದರೂ ಎಲ್ಲರಿಗೂ ದಪ್ಪ ಕಾಗದದ ವಿಸಿಟಿಂಗ್ ಕಾರ್ಡು ಬಂತು. ನಮ್ಮ ತಂಡದಲ್ಲಿದ್ದ ರಷ್ಯನ್ ಹೆಂಗಸು ನನ್ನ ಕಾರ್ಡನ್ನು ಕೈಗೆ ತೆಗೆದುಕೊಂಡು ಕೇಳಿದಳು: “ಇದು ಅಮ್ಮ ಊಟಕ್ಕೆ ಕರೆಯುವ ಹೆಸರು. ಪೂರ್ತಿ ಹೆಸರು ಲ್ಯುಬೋವ್, ಪ್ರೀತಿ ಅಂತ. ನಿನ್ನ ಪಾಸ್‌ಪೋರ್ಟಿನಲ್ಲಿ ಅದು ತಾನೇ ಇರೋದು?”

“ಇಲ್ಲ. ಇದೇ ಇರೋದು.”

ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನಗೆ ಮೈ ಉರಿದುಹೋಯಿತು. ಊರಿನ ಬ್ಯಾಂಕ್ ಮ್ಯಾನೇಜರೊಬ್ಬರ ಬಾಗಿಲ ಮೇಲೆ ‘ಪುಟ್ಟು, ಎಂ.ಕಾಂ.’ ಎಂದು ಫಲಕವಿದ್ದರೆ ಹೇಗಿರುತ್ತದೆ? ನನ್ನ ಅಂಕಪಟ್ಟಿಗಳಲ್ಲಿ, ವೀಸಾದಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ನಾನು ಪುಟ್ಟು! ಘಟಿಕೋತ್ಸವದಲ್ಲಿ ಕುಲಪತಿಗಳು ಮೈಕಿನಲ್ಲಿ ನನ್ನನ್ನು ಊಟಕ್ಕೆ ಕರೆದಿದ್ದರು!

ಆ ವಾರವೇ ಅತ್ತೆಯ ಕಾರಿನಲ್ಲಿ ಹೆದ್ದಾರಿ ಹಿಡಿದು ಹೋಗುವಾಗ ಈ ವಿಷಯ ಎತ್ತಿದೆ. ಅವರು ಹೆಸರಿನ ಅಂತಸ್ತುಗಳನ್ನು ವಿವರಿಸತೊಡಗಿದರು. “ಮಾಮೂಲಿಗೆ ಲ್ಯೂಬಾ. ಪ್ರೀತಿ ಉಕ್ಕಿದ್ರೆ ಲ್ಯುಬೋಚ್ಕಾ. ಸಿಟ್ಟು ಬಂದ್ರೆ ಲ್ಯುಬ್ಕಾ. ನಮ್ಮಲ್ಲಿ ಸರೋಜಂಗೆ ಸರೂ, ಸರೋಜಿ ಅನ್ನಲ್ವಾ, ಹಂಗೇ.”

“ಸರೋಜಂಗೆ ಸರೋಜ ಅಂತ ಒಂದು ಹೆಸರಿರುತ್ತಲ್ಲ ಅತ್ತೆ. ನಂಗೆಲ್ಲಿದೆ?”

“ಲ್ಯುಬ್ಕಾ, ನಿನ್ನಿಂದ ಎಕ್ಸಿಟ್ ಮಿಸ್ಸಾಯ್ತು ನೋಡು” ಎಂದರು ಅತ್ತೆ.

ನನಗೂ ಒಂದು ದಿನ ಬಂತು. ಇಲ್ಲೇ ಹತ್ತಿರದ ಬೆರ್ರಿಯೆಸಾದಲ್ಲಿರುವ ಅಣ್ಣನಿಗೆ ಹೆಣ್ಣು ಮಗುವಾಯಿತು. ಈ ಸಲ ಸೋದರತ್ತೆ ನಾನು. ಈ ಮಗುವಿಗಾದರೂ ತಲೆಯಿಂದ ಕಾಲಿನವರೆಗೆ ಪೂರ್ತಿ ಇರುವ ಹೆಸರು ಕೊಡುತ್ತೇನೆ ಎಂದು ಪಣ ತೊಟ್ಟು ‘ಮಂದಾಕಿನಿ’ ಎಂದು ಆರಿಸಿದೆ. ಅತ್ತಿಗೆ ಒಪ್ಪಿದಳು. ಅಣ್ಣ ಫೋನಿನಲ್ಲಿ ಬೇಡಿಕೊಂಡ, “ನೋಡೇ, ಅತ್ತೇನ ತೊಟ್ಟಿಲ ಹತ್ರ ಬಿಡ್ಬೇಡ. ಅವ್ರು ಒಂದು ಸಲ ಬಗ್ಗಿದ್ರೆ ಮುಗೀತು.” ಅಷ್ಟರಲ್ಲಿ ಅತ್ತೆ ಊರೆಲ್ಲ ಹೇಳಿಕೊಂಡಾಗಿತ್ತು, ಮಗುವಿನ ಹೆಸರು ‘ವಾರ್ಯಾ’ ಎಂದು. ಅದು ಯಾವುದರ ಅರ್ಧವೋ!

ನಾಮಕರಣದ ಹಿಂದಿನ ಮಧ್ಯಾಹ್ನ ಕಾರು ತೆಗೆದುಕೊಂಡು ಸೇತುವೆ ದಾಟಿದೆ. ನಾನು ಜಗಳವಾಡುವವಳಲ್ಲ. ಅದಕ್ಕೇ ದಾರಿಯುದ್ದಕ್ಕೂ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡೆ. ಅತ್ತೆ ಅಡುಗೆಮನೆಯಲ್ಲಿ ತಂಬಿಟ್ಟು ಕಟ್ಟುತ್ತಿದ್ದರು. ಮಾವ ಆಚೆ ಟಿವಿಯ ಮುಂದಿದ್ದರು.

“ಅತ್ತೆ, ನಾಳೆ ಹೆಸರು ಹೇಳೋಳು ನಾನು. ಹೆಸರು ಮಂದಾಕಿನಿ. ನೀನು ತೊಟ್ಟಿಲ ಹತ್ರ ಬರ್ಬಾರ್ದು.”

“ಸರಿ” ಎಂದರು ಅತ್ತೆ.

ಇಷ್ಟು ಬೇಗ ಒಪ್ಪಿದ್ದು ನನಗೆ ಇನ್ನೂ ಸಿಟ್ಟು ತರಿಸಿತು. ಅಭ್ಯಾಸ ಮಾಡಿದ ವಾಕ್ಯಗಳು ಉಳಿದುಹೋಗುತ್ತವಲ್ಲ! “ನಂಗ್ಯಾಕೆ ಅರ್ಧ ಹೆಸರಿಟ್ಟೆ? ನಿಂಗೆ ರಷ್ಯನ್ ಚೆನ್ನಾಗಿ ಬರುತ್ತೆ. ಪೂರ್ತಿ ಹೆಸರು ಏನು ಅಂತ ಗೊತ್ತಿತ್ತಲ್ಲ?”

ಅತ್ತೆ ಕೈಯಲ್ಲಿದ್ದ ಉಂಡೆಯನ್ನು ಇನ್ನೊಂದು ಸುತ್ತು ಉರುಟು ಮಾಡಿದರು. “ನಂಗೆ ನಮ್ಮಜ್ಜಿ ಹೆಸರನ್ನೇ ಇಟ್ಟಿದ್ರು, ಗೊತ್ತಲ್ಲ. ತನ್ನ ಅತ್ತೆ ಹೆಸರು ಹಿಡಿದು ಮಗೂನ ಹೆಂಗೆ ಬೈಯೋದು ಅಂತ ನಮ್ಮಮ್ಮ ಒಂದು ದಿನಾನೂ ಹೆಸರೆತ್ತಿ ಕರೀಲಿಲ್ಲ. ತಾಯಿ ಹೆಸರು ಅಂತ ಅಪ್ಪನೂ ಕರೀಲಿಲ್ಲ. ‘ಮಗು’ ಅಂತಿದ್ರು. ನಿಮ್ಮಪ್ಪ ಹುಟ್ಟಿದ ಮೇಲೆ ಅದೂ ಹೋಯ್ತು, ಮನೆಗೆಲ್ಲ ‘ಅಕ್ಕ’ ಆದೆ. ರಷ್ಯನ್ ಕ್ಲಾಸಲ್ಲಿ ಟೀಚರಮ್ಮ ಎಲ್ರಿಗೂ ಒಂದೊಂದು ಹೆಸರು ಕೊಡೋರು. ನಂಗೆ ಲ್ಯೂಬಾ ಅಂದ್ರು. ಪಾಠ ಒಪ್ಪಿಸಿದ್ರೆ ಲ್ಯುಬೋಚ್ಕಾ. ಎರಡೇ ವರ್ಷ ಕಣೇ. ಆಮೇಲೆ ಆಯಮ್ಮ ಊರಿಗೆ ಹೋದ್ರು, ಕ್ಲಾಸು ಮುಚ್ತು.”

ಅತ್ತೆ ಉಂಡೆಯನ್ನು ತಟ್ಟೆಗಿಟ್ಟು ಇನ್ನೊಂದಕ್ಕೆ ಹಿಟ್ಟು ತೆಗೆದುಕೊಂಡರು.

“ಒಳ್ಳೆ ಹೆಸರು, ಎರಡೇ ವರ್ಷ ಉಟ್ಟಿದ್ದು. ಪೆಟ್ಟಿಗೇಲಿಟ್ಟು ಏನ್ಮಾಡ್ಲಿ ಅಂತ ನಿಂಗೆ ಕೊಟ್ಟೆ. ಆ ದೊಡ್ಡ ಹೆಸರಲ್ಲಿ ನನ್ನ ಯಾರೂ ಕರೆದಿರ್ಲಿಲ್ಲ, ಅದನ್ನ ಎಲ್ಲಿಂದ ತಂದು ಕೊಡ್ಲಿ? ಅಲ್ದೆ ಬರೀ ಮುದ್ದಿನ ಹೆಸರಿದ್ರೆ, ಪಾಸ್‌ಪೋರ್ಟ್ ಆಫೀಸರೂ ನಿನ್ನ ಮುದ್ದಾಗೇ ಕರೀಬೇಕಲ್ಲ.”

ಆಚೆಯಿಂದ ಮಾವ ಕೂಗಿದರು, “ಇವಳೇ, ಕಾಫಿ ಆಯ್ತಾ?”

“ಬಂದೆ” ಎಂದರು ಅತ್ತೆ. ನನ್ನತ್ತ ತಿರುಗಿ, “ಮಂದಾಕಿನಿ ಚೆನ್ನಾಗಿದೆ. ಗಟ್ಟಿ ಹೆಸರು. ತಂಬಿಟ್ಟು ತಿನ್ನು” ಎಂದು ಒಂದು ಉಂಡೆ ಕೈಗಿಟ್ಟರು.

ಮಾರನೆಯ ಬೆಳಿಗ್ಗೆ ಅಣ್ಣನ ಅಪಾರ್ಟ್‌ಮೆಂಟು ಜನರಿಂದ ತುಂಬಿತ್ತು. ನಾನು ತೊಟ್ಟಿಲಿಗೆ ಬಗ್ಗಿ ಮೂರು ಸಲ ಮಂದಾಕಿನಿ ಎಂದೆ. ಅಣ್ಣ ನೆಮ್ಮದಿಯಿಂದ ಉಸಿರುಬಿಟ್ಟ. “ಇನ್ನು ಕರೆಯೋ ಹೆಸರು ಒಂದು ಹೇಳ್ಬಿಡಮ್ಮ” ಎಂದರು ಅತ್ತಿಗೆಯ ತಾಯಿ. ಅತ್ತೆ ಕೊಟ್ಟ ಮಾತಿನಂತೆ ತೊಟ್ಟಿಲ ಹತ್ತಿರ ಬಂದಿರಲಿಲ್ಲ. ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ತಂಬಿಟ್ಟನ್ನು ತಟ್ಟೆಗಳಿಗೆ ಹಾಕುತ್ತಿದ್ದರು. “ಇವಳೇ, ಬಾ ಇಲ್ಲಿ” ಎಂದು ಮಾವ ಕೂಗಿದ್ದು ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ.

ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದೆ. ಹಿಂದಿನಿಂದ ಅಣ್ಣ “ಬೇಡ ಕಣೇ” ಎನ್ನುತ್ತಿದ್ದ.

“ಲ್ಯುಬೋಚ್ಕಾ” ಎಂದು ಕರೆದೆ.

ಅತ್ತೆ ಮೊದಲ ಕರೆಗೇ ತಿರುಗಿದರು. “ಕರೆಯೋ ಹೆಸರು ನೀನು ಹೇಳು” ಎಂದು ನಾನು ಅವರ ಕೈಯ ತಟ್ಟೆ ಇಸಿದುಕೊಂಡು, ಆ ಜಾಗಕ್ಕೆ ಮಗುವನ್ನು ಕೊಟ್ಟೆ.