ಗಾಜಿನ ಕೋಣೆಯ ಸೊನ್ನೆಗೆ ಅಭಿನಂದನೆ

ವಿದ್ಯಾರ್ಥಿ ಕ್ಷೇಮ ಪರಿಶೀಲನಾ ಸಮಿತಿಯ ಘನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ, ಸಮಿತಿಯ ಉಳಿದ ಆರು ಮಂದಿ ಸದಸ್ಯರೂ, ತಮ್ಮ ಸಭಾಕೊಠಡಿಯ ತಿರುಗುವ ಕುರ್ಚಿಗಳೂ ಕ್ಷೇಮದಿಂದಿರುವಿರೆಂದು ನಂಬಿ, ಮೊದಲಿಗೆ ಎಲ್ಲರಿಗೂ ಒಟ್ಟಾಗಿ ವಂದಿಸುತ್ತೇನೆ. ನಮ್ಮ ನರ್ಸಿಂಗ್ ಕಾಲೇಜಿನ ಗಾಜಿನ ಆಪ್ತಸಮಾಲೋಚನಾ ಕೋಣೆಗೆ ಕಳೆದ ಮೂರು ತಿಂಗಳಲ್ಲಿ ಸಹಾಯ ಕೇಳಿ ಬಂದ ವಿದ್ಯಾರ್ಥಿಗಳ ಸಂಖ್ಯೆ ಸೊನ್ನೆಯೆಂದೂ, ಆದ್ದರಿಂದ ವಿದ್ಯಾರ್ಥಿಗಳ ಮನಸ್ಸಿನ ತೊಂದರೆಗಳು ಪೂರ್ತಿ ಪರಿಹಾರವಾದವೆಂದೂ ತಮ್ಮ ವರದಿಯಲ್ಲಿ ಓದಿ ಪುಳಕಿತಳಾದೆ. ಇಪ್ಪತ್ತೆರಡು ವರ್ಷ ಮನೋರೋಗ ವಾರ್ಡಿನಲ್ಲಿ ನರ್ಸಾಗಿ ದುಡಿದ ನನಗೆ, ಬಾಗಿಲಿಗೆ ಯಾರೂ ಬಾರದಂತೆ ಮಾಡಿಬಿಟ್ಟರೆ ಕಾಯಿಲೆ ವಾಸಿಯಾಗುತ್ತದೆಂಬ ಸಂಗತಿಯನ್ನು ಯಾವ ವೈದ್ಯರೂ ಕಲಿಸಿರಲಿಲ್ಲ. ಈ ಸಾಧನೆಯ ಬಗ್ಗೆ ವಾರ್ಷಿಕ ಸಮಾರಂಭದಲ್ಲಿ ಹತ್ತು ನಿಮಿಷ ಮಾತನಾಡಬೇಕೆಂದು ತಾವು ಆಜ್ಞಾಪಿಸಿದ್ದೀರಿ. ಹತ್ತು ನಿಮಿಷಕ್ಕೆ ಅಡಗುವ ಸಂಗತಿ ಇದಲ್ಲವಾದ್ದರಿಂದ, ಎಲ್ಲರೂ ಓದಲೆಂದು ಬರೆದೇ ತಿಳಿಸುತ್ತಿದ್ದೇನೆ.

ತಮಗೆ ಮರೆತಿರಬಹುದು, ಈ ಯೋಜನೆ ಶುರುವಾದದ್ದು ಗಾಜಿನ ಕೋಣೆಯಲ್ಲಲ್ಲ. ನಾನೂ ಮಕ್ಕಳ ವಾರ್ಡಿನ ಸಿಸ್ಟರೂ ಸೇರಿ, ಎರಡನೇ ಮಹಡಿಯಲ್ಲಿ ಹೊದಿಕೆ ದಿಂಬು ಇಡುತ್ತಿದ್ದ ಸಣ್ಣ ಕೋಣೆಯೊಂದನ್ನು ಗುಡಿಸಿ, ಎರಡು ಕುರ್ಚಿ ಹಾಕಿ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಸುಮ್ಮನೆ ಕುಳಿತಿರುತ್ತಿದ್ದೆವು. ಬಂದವರು ಮಾತನಾಡಬಹುದಿತ್ತು, ಆಡದೆಯೂ ಇರಬಹುದಿತ್ತು. ಹೆಸರು ಕೇಳುತ್ತಿರಲಿಲ್ಲ, ರಿಜಿಸ್ಟರ್ ಇರಲಿಲ್ಲ. ಇದು ನಮ್ಮ ಅವೈಜ್ಞಾನಿಕ ಮನೋಭಾವಕ್ಕೆ ಸಾಕ್ಷಿಯೆಂದು ತಾವು ಮುಂದೆ ತಿಳಿಸಿಕೊಟ್ಟಿರಿ.

ಅಲ್ಲಿಗೆ ಬರುತ್ತಿದ್ದವರಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳಿದ್ದಳು. ಒಮ್ಮೆ ಕೇಳಿದ ಪಾಠವನ್ನು ಹಾಗೆಯೇ ಒಪ್ಪಿಸಬಲ್ಲಷ್ಟು ಚುರುಕಾಗಿದ್ದುದರಿಂದ ಗೆಳತಿಯರು ಅವಳನ್ನು ಗಿಳಿ ಎನ್ನುತ್ತಿದ್ದರು. ವಾರ್ಡಿನಲ್ಲಿ ಆರು ವಾರ ಅವಳು ದಿನವೂ ತಲೆ ಬಾಚುತ್ತಿದ್ದ ಅಜ್ಜಿಯೊಬ್ಬರು, ಒಂದು ಬೆಳಿಗ್ಗೆ ಅವಳು ಬರುವ ಇಪ್ಪತ್ತು ನಿಮಿಷ ಮೊದಲು ತೀರಿಕೊಂಡರು. ಗಿಳಿ ಹಾಸಿಗೆ ಬದಲಾಯಿಸಿದಳು, ಚಾರ್ಟ್ ಮುಗಿಸಿದಳು, ತರಗತಿಗೂ ಹೋದಳು. ಊಟ ಮಾತ್ರ ಬಿಟ್ಟಳು. ನಮ್ಮ ಕೋಣೆಗೆ ನಾಲ್ಕು ದಿನ ಬಂದು ಗೋಡೆ ನೋಡುತ್ತ ಕುಳಿತು ಎದ್ದುಹೋದಳು. ಐದನೆಯ ದಿನ ಏಪ್ರನ್ ಜೇಬಿನಿಂದ ಹಲ್ಲು ಮುರಿದ ಬಾಚಣಿಗೆ ತೆಗೆದು, “ಸಿಸ್ಟರ್, ಇದು ಅಜ್ಜೀದು. ನನ್ ಹತ್ರಾನೇ ಉಳ್ಕೊಂಡ್ಬಿಡ್ತು. ಯಾರಿಗ್ ಕೊಡ್ಲಿ?” ಎಂದಳು. ಅವಳು ಅತ್ತಳು, ನಾನು ಪಕ್ಕದಲ್ಲಿ ಕುಳಿತಿದ್ದೆ. ಅಂದು ಸಂಜೆ ಅವಳು ಹಾಸ್ಟೆಲಿನಲ್ಲಿ ಎರಡು ಸಲ ಬಡಿಸಿಕೊಂಡಳೆಂದು ಅಡುಗೆಯಾಕೆ ಹೇಳಿದರು. ನಮ್ಮ ಯೋಜನೆಯ ಫಲಿತಾಂಶವೆಂದರೆ ಅಷ್ಟೇ. ಅದಕ್ಕೆ ನಕ್ಷೆ ಬಿಡಿಸಲು ಬರುವುದಿಲ್ಲ.

ಅಷ್ಟರಲ್ಲಿ ತಮ್ಮ ಕೃಪಾದೃಷ್ಟಿ ನಮ್ಮ ಮೇಲೆ ಬಿತ್ತು. ಇಂಥ ಅಮೂಲ್ಯ ಸೇವೆ ಮೂಲೆಯಲ್ಲಿ ಅಡಗಿರಬಾರದೆಂದು ತಾವು ಅದನ್ನು ನೆಲಮಹಡಿಗೆ, ಆಡಳಿತ ಕಚೇರಿಯ ಎದುರಿಗೆ, ಮೂರು ಕಡೆ ಗಾಜಿರುವ ಕೋಣೆಗೆ ಇಳಿಸಿದಿರಿ. ಬಾಗಿಲ ಮೇಲೆ ‘ಮಾನಸಿಕ ಸಮಸ್ಯೆಯುಳ್ಳ ವಿದ್ಯಾರ್ಥಿಗಳ ಕೊಠಡಿ’ ಎಂದು ದೂರದಿಂದಲೂ ಕಾಣುವ ಅಕ್ಷರಗಳಲ್ಲಿ ಬರೆಸಿದಿರಿ. ಅಳುವ ಮೊದಲು ಭರ್ತಿ ಮಾಡತಕ್ಕ ನಲವತ್ತೊಂದು ಪ್ರಶ್ನೆಗಳ ನಮೂನೆಯನ್ನು ಮೂರು ಪ್ರತಿಗಳಲ್ಲಿ ದಯಪಾಲಿಸಿದಿರಿ. ಹದಿನೇಳನೆಯ ಪ್ರಶ್ನೆ, ‘ತಮ್ಮ ದುಃಖಕ್ಕೆ ಒಂದರಿಂದ ಹತ್ತರೊಳಗೆ ಅಂಕ ನೀಡಿ’, ನನಗೆ ಬಹಳ ಹಿಡಿಸಿತು. ಪರೀಕ್ಷೆಯಲ್ಲಿ ಅಂಕ ಬಾರದೆ ದುಃಖಿತರಾದವರಿಗೆ ಇಲ್ಲಾದರೂ ಪೂರ್ಣಾಂಕ ಸಿಗುವ ಅವಕಾಶವಿತ್ತು.

ಹೊಸ ಕೋಣೆಗೆ ಮೊದಲು ಬಂದವಳು ಗಿಳಿಯೇ. ಅಂದು ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು, ಅವಳನ್ನು ಮತ್ತೆ ಅದೇ ವಾರ್ಡಿಗೆ ಹಾಕಿದ್ದರು. ನಮೂನೆಯ ಮುಂದೆ ಕುಳಿತು ಹದಿನಾರು ಪ್ರಶ್ನೆಗೆ ಉತ್ತರ ಬರೆದಳು. ತಲೆಯೆತ್ತಿದಾಗ ಗಾಜಿನಾಚೆ ಕಚೇರಿಯ ಗುಮಾಸ್ತರಿಬ್ಬರು ಫೈಲು ಹಿಡಿದು ನಿಂತಿದ್ದರು. ಪಾಪ, ಅವರೇನೂ ಕೆಟ್ಟವರಲ್ಲ, ಕಣ್ಣಿನೆದುರು ಗಾಜಿಟ್ಟರೆ ಯಾರಾದರೂ ನೋಡುತ್ತಾರೆ. ಹದಿನೇಳನೆಯದರ ಎದುರು ಅವಳು, ‘ಇವರು ನೋಡುವುದನ್ನು ನಿಲ್ಲಿಸಿದ ಮೇಲೆ ಹೇಳುತ್ತೇನೆ’ ಎಂದು ಬರೆದು, ಪೆನ್ನು ಮುಚ್ಚಿಟ್ಟು ಹೊರಟುಹೋದಳು. ಆಮೇಲೆ ಯಾರೂ ಬರಲಿಲ್ಲ. ತಮ್ಮ ಸೊನ್ನೆಯ ಜನನ ಅಲ್ಲಿಂದ.

ಹನ್ನೊಂದು ದಿನಗಳ ನಂತರ ಗಿಳಿ ಕಾಲೇಜು ಬಿಡುವುದಾಗಿ ಅರ್ಜಿ ಕೊಟ್ಟಳು. ರಜೆಯ ಅರ್ಜಿಗೆ ಒಂದು ವಾರ ತೆಗೆದುಕೊಳ್ಳುವ ನಮ್ಮ ಕಚೇರಿ ಅದನ್ನು ನಲವತ್ತು ನಿಮಿಷದಲ್ಲಿ ಮಂಜೂರು ಮಾಡಿತು. ನನಗೆ ವಿಷಯ ತಿಳಿದು ಹಾಸ್ಟೆಲ್ ಗೇಟಿನ ಬಳಿಗೆ ಓಡುವಷ್ಟರಲ್ಲಿ ಅವಳು ಪೆಟ್ಟಿಗೆಯ ಮೇಲೆ ಕುಳಿತು ಅಣ್ಣನ ದಾರಿ ಕಾಯುತ್ತಿದ್ದಳು. ಬಾಯಿಗೆ ಬಂದದ್ದು ಇಷ್ಟು: “ಲಾಂಡ್ರೀಲಿ ನೂರಿಪ್ಪತ್ತು ಹೊದಿಕೆ ಬಿದ್ದಿದೆ ಕಣೇ, ಮಡಚೋಕೆ ಜನ ಇಲ್ಲ. ಅಣ್ಣ ಬರೋವರೆಗೂ ಒಂದ್ ಕೈ ಹಾಕ್ತೀಯಾ?” ಅವಳು ನನ್ನನ್ನು ಹುಚ್ಚಿಯೆಂಬಂತೆ ನೋಡಿದಳು. ಆದರೂ ಎದ್ದಳು.

ಲಾಂಡ್ರಿಯೆಂದರೆ ನೆಲಮಾಳಿಗೆಯಲ್ಲಿ, ಯಂತ್ರಗಳ ಗದ್ದಲದಲ್ಲಿ ಒಬ್ಬರ ಮಾತು ಮೂರನೆಯವರಿಗೆ ಕೇಳಿಸದ ಜಾಗ. ಹೊದಿಕೆ ಮಡಚಲು ಇಬ್ಬರು ಬೇಕು. ಎದುರುಬದುರು ನಿಂತು, ಮೂಲೆ ಕೂಡಿಸುತ್ತ ಹತ್ತಿರ ಬಂದು, ಮತ್ತೆ ದೂರ ಹೋಗಬೇಕು. ಮೂವತ್ತನೆಯದೋ ನಲವತ್ತನೆಯದೋ ಹೊದಿಕೆಯಲ್ಲಿ ಅವಳು, “ಅವತ್ತು ನಾನು ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ?” ಎಂದಳು. “ಬಂದಿದ್ರೂ ಅವರು ಹೋಗ್ತಿದ್ರು. ನೀನು ಕೈ ಹಿಡ್ಕೊಂಡಿರ್ತಿದ್ದೆ. ಅದೊಂದು ತಪ್ಪಿಹೋಯ್ತು, ನಿಜ,” ಎಂದೆ. ಅವಳ ಕೈ ನಿಂತಿತು. ಇಸ್ತ್ರಿ ಯಂತ್ರದ ಬಳಿಯಿದ್ದ ಲಾಂಡ್ರಿಯ ಹಿರಿಯ ಕೆಲಸಗಾರರೊಬ್ಬರು ಅದನ್ನು ಕಂಡು, “ಮಗಳೇ, ನಿನ್ ಕಡೆ ಮೂಲೆ ಜಾರ್ತಿದೆ, ಹಿಡ್ಕೋ,” ಎಂದು ಕೂಗಿದರು. ಅವಳು ಹಿಡಿದುಕೊಂಡಳು. ಅಣ್ಣ ಬಂದಾಗ ಅವನ ಕೈಗೂ ಒಂದು ತುದಿ ಕೊಟ್ಟಳು. ಸಂಜೆ ಅವನು ಖಾಲಿ ಕೈಯಲ್ಲಿ ಊರಿಗೆ ಹೋದ.

ಬಿಡುವ ಅರ್ಜಿಯನ್ನು ಹಿಂತೆಗೆದುಕೊಳ್ಳುವ ಅರ್ಜಿಗೆ ಕಚೇರಿ ಒಂಬತ್ತು ವಾರ ತೆಗೆದುಕೊಂಡಿತು. ಅಷ್ಟು ದಿನವೂ ಅವಳು, ದಾಖಲೆಯ ಪ್ರಕಾರ ಇಲ್ಲದವಳಾಗಿ, ಮೊದಲ ಬೆಂಚಿನಲ್ಲಿ ಕುಳಿತು ಪಾಠ ಕೇಳಿದಳು.

ಅಂದಿನಿಂದ ಮೂರರಿಂದ ನಾಲ್ಕರವರೆಗೆ ಲಾಂಡ್ರಿಯಲ್ಲಿ ಹೊದಿಕೆ ಮಡಚಲು ಜನ ಸೇರುತ್ತಾರೆ. ಎಷ್ಟು ಜನವೆಂದು ನಾನು ಎಣಿಸಿಲ್ಲ. ಆಸ್ಪತ್ರೆಯಲ್ಲಿ ಮಡಚದ ಹೊದಿಕೆ ಈಗ ಒಂದೂ ಉಳಿದಿಲ್ಲ ಎಂಬುದನ್ನು ಮಾತ್ರ ಬಲ್ಲೆ. ಈ ಜಾಗವನ್ನು ಬಹಿರಂಗವಾಗಿ ಬರೆಯಲು ನನಗೆ ಭಯವಿಲ್ಲ, ಏಕೆಂದರೆ ನಾಲ್ಕು ವರ್ಷಗಳಲ್ಲಿ ತಮ್ಮ ಸಮಿತಿ ನೆಲಮಹಡಿಗಿಂತ ಕೆಳಗೆ ಇಳಿದ ದಾಖಲೆಯಿಲ್ಲ.

ಆದ್ದರಿಂದ ನನ್ನ ವಿನಂತಿಗಳು: ಗಾಜಿನ ಕೋಣೆಯನ್ನು ದಯವಿಟ್ಟು ಮುಚ್ಚಬೇಡಿ, ಅತಿಥಿಗಳಿಗೆ ತೋರಿಸಲು ಏನಾದರೂ ಬೇಕು, ಅವರು ಅಲ್ಲಿ ನಿಂತಿರುವಷ್ಟು ಹೊತ್ತು ಇಲ್ಲಿಗೆ ಬರುವುದಿಲ್ಲ. ನಮ್ಮ ಲಾಂಡ್ರಿಗೆ ಬೋರ್ಡು, ಸೋಫಾ, ಗೋಡೆಯ ಮೇಲೆ ಸೂರ್ಯೋದಯದ ಚಿತ್ರ, ಇವುಗಳಲ್ಲಿ ಯಾವುದನ್ನೂ ಮಂಜೂರು ಮಾಡಬೇಡಿ. ನಮ್ಮನ್ನು ಅಭಿವೃದ್ಧಿಪಡಿಸದೆ ಇರುವ ತ್ಯಾಗವೊಂದನ್ನು ತಾವು ಮಾಡಿದರೆ, ನಾವು ಆಜೀವ ಋಣಿಗಳು.

ತಮ್ಮ ಸೊನ್ನೆಯಲ್ಲಿ ಪಾಲು ಕೇಳದ,
ತಮ್ಮ ವಿಶ್ವಾಸಿ,
ಮನೋರೋಗ ವಾರ್ಡಿನ ಹಿರಿಯ ನರ್ಸ್

ಮರೆತ ಮಾತು: ಇದನ್ನು ಬರೆದು ಮುಗಿಸುವಾಗ ತಿಳಿಯಿತು, ತಮ್ಮಲ್ಲಿ ಯಾರೂ ಕೆಳಗಿಳಿದಿಲ್ಲವೆಂದು ನಾನು ಬರೆದದ್ದು ತಪ್ಪು. ತಮ್ಮ ಸಮಿತಿಯ ಏಳು ಮಂದಿಯಲ್ಲಿ ಒಬ್ಬರು ಮೂರು ಮಂಗಳವಾರಗಳಿಂದ ಲಾಂಡ್ರಿಗೆ ಬಂದು, ಯಾರೊಂದಿಗೂ ಮಾತನಾಡದೆ, ದಿಂಬಿನ ಚೀಲಗಳನ್ನು ಮಡಚಿ ಹೋಗುತ್ತಿದ್ದಾರೆ. ಯಾರೆಂದು ಹೇಳುವುದಿಲ್ಲ, ನಮ್ಮಲ್ಲಿ ರಿಜಿಸ್ಟರ್ ಇಲ್ಲ. ಮಂಗಳವಾರ ಮೂರು ಗಂಟೆಗೆ ಸಭೆ ಇಡುವುದನ್ನು ಮಾತ್ರ ತಪ್ಪಿಸಿ. ಅವರಿಗೆ ಇನ್ನೂ ಕೆಲವು ವಾರ ಬೇಕು.